ಹುಚ್ಚಿ ಎಂಬ ಹಣೆಪಟ್ಟಿ, ಅದನ್ನು ಕಿತ್ತೆಸೆದವರ ಕಥೆ

(ಮಹಿಳಾ ಸ್ವಸಹಾಯ ಸಂಘಗಳ ತಾಲೂಕು ಸಭೆಯಲ್ಲಿ ಚಿತ್ರಪಟಗಳನ್ನು ತೋರಿಸುತ್ತಾ ಮಾಡಿದ ಭಾಷಣದ ಬರಹ ರೂಪ)



ಮೊದಲು ಒಂದು ಪ್ರಶ್ನೆ. ಕೈ ಎತ್ತಬೇಕಾಗಿಲ್ಲ, ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ. ನಿಮ್ಮಲ್ಲಿ ಎಷ್ಟು ಜನ ಮನೆಯಲ್ಲಿ ಒಮ್ಮೆಯಾದರೂ 'ಹುಚ್ಚಿ' ಅನ್ನಿಸಿಕೊಂಡಿದ್ದೀರಿ? ಸಂಘದ ಕಂತಿನ ದುಡ್ಡು ಎಲ್ಲಿ ಹೋಯಿತು ಎಂದು ಗಂಡನನ್ನು ಕೇಳಿದಾಗ, ಅತ್ತೆಗೆ ಎದುರು ಮಾತಾಡಿದಾಗ, ಕಾರಣ ಹೇಳಲಾರದೆ ಒಬ್ಬಳೇ ಕೂತು ಅತ್ತಾಗ, 'ಇವಳಿಗೆ ತಲೆ ಕೆಟ್ಟಿದೆ' ಎಂಬ ಮಾತು ಬಂದಿದೆಯೋ ಇಲ್ಲವೋ? ನನಗಂತೂ ಬಂದಿದೆ. ಆದರೆ ಇವತ್ತು ಹೇಳಹೊರಟಿರುವುದು ನನ್ನ ಕಥೆಯಲ್ಲ, ನನ್ನ ಅಕ್ಕನದು. ಹೇಳಲು ಅವಳ ಒಪ್ಪಿಗೆ ಇದೆ. ಹೆಸರು ಹೇಳಬೇಡ ಎಂದಿದ್ದಾಳೆ, ಹೇಳುವುದಿಲ್ಲ.

ಅಕ್ಕನ ಮದುವೆಯಲ್ಲಿ ಅಪ್ಪ ಒಪ್ಪಿಕೊಂಡಿದ್ದು ಆರು ತೊಲ ಬಂಗಾರ, ಜೊತೆಗೆ ಒಂದು ಬೈಕಿನ ಹಣ. ಬಂಗಾರ ಕೊಟ್ಟಾಯಿತು, ಬೈಕಿನ ಹಣ ಅರ್ಧ ಉಳಿಯಿತು. ಮೊದಲ ಹೆರಿಗೆ ಹೆಣ್ಣು. ಎರಡನೆಯದೂ ಹೆಣ್ಣಾದ ಮೇಲೆ ಆ ಮನೆಯಲ್ಲಿ ಅವಳ ಜೊತೆ ಮಾತಾಡುವವರೇ ಇಲ್ಲವಾದರು. ಬಾಣಂತಿ ಅಕ್ಕನಿಗೆ ನಿದ್ದೆ ಹೋಯಿತು. ಮಗುವನ್ನು ಎತ್ತಿಕೊಳ್ಳಲು ಭಯ, ಊಟ ಸೇರದು, ಹಗಲಿಡೀ ಅಳು. ಅದು ಬಾಣಂತನದಲ್ಲಿ ಬರುವ ಮನಸ್ಸಿನ ಕಾಯಿಲೆ, ಬೇಗ ತೋರಿಸಿದರೆ ವಾಸಿಯಾಗುತ್ತದೆ ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ಅವಳ ಗಂಡ ಅವಳನ್ನು ಆಸ್ಪತ್ರೆಗೆ ಕರೆದೊಯ್ದ, ಒಂದು ಚೀಟಿ ಬರೆಸಿಕೊಂಡು ಬಂದ. ಮಾತ್ರೆ ಕೊಡಿಸಲಿಲ್ಲ, ಚೀಟಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡ. ಎರಡು ತಿಂಗಳಿಗೆ ವಕೀಲರ ನೋಟೀಸು ಬಂತು. 'ಹುಚ್ಚು ಮುಚ್ಚಿಟ್ಟು ಮದುವೆ ಮಾಡಿದ್ದಾರೆ, ವಿಚ್ಛೇದನ ಬೇಕು' ಎಂದು.

ಊರಿನವರು ಪಂಚಾಯ್ತಿ ಸೇರಿಸಿದರು. ಕೋರ್ಟಿಗೆ ಹೋದರೆ ಮನೆಯ ಮರ್ಯಾದೆ ಹೋಗುತ್ತದೆ, ತಂಗಿಗೆ ಗಂಡು ಸಿಗುವುದಿಲ್ಲ ಎಂದರು. ತಂಗಿ ಎಂದರೆ ನಾನೇ. ಬಂಗಾರ ವಾಪಸು ಕೇಳುವುದಿಲ್ಲ, ದೊಡ್ಡ ಮಗು ಅವರಲ್ಲೇ ಇರಲಿ, ಮೊದಲಿನಿಂದಲೂ ಹುಡುಗಿಯ ತಲೆ ಸರಿ ಇರಲಿಲ್ಲ, ಹೀಗೆ ಒಂದು ಕಾಗದ ಬರೆದರು. ಅಪ್ಪ ಸಹಿ ಹಾಕಿದರು. ಸಾಕ್ಷಿಯ ಜಾಗದಲ್ಲಿ ನಾನೂ ಸಹಿ ಹಾಕಿದೆ. ಡಿಗ್ರಿ ಓದುತ್ತಿದ್ದವಳು, ಓದಲು ಬರೆಯಲು ಬರುತ್ತಿದ್ದವಳು. ಓದಿಯೇ ಸಹಿ ಹಾಕಿದೆ. ಅಕ್ಕ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಹುಚ್ಚಿಯನ್ನು ಏನು ಕೇಳುವುದು?

ಈ ಗೋಡೆಗೆ ಅಂಟಿಸಿರುವ ಚಿತ್ರಪಟಗಳು ಹುಟ್ಟಿದ್ದು ಆ ಸಹಿಯಿಂದ. ಎಷ್ಟೋ ವರ್ಷಗಳ ನಂತರ ಸಂಘಕ್ಕೆ ಸೇರಿದೆ, ಕಾನೂನಿನ ತರಬೇತಿಗೆ ಹೋದೆ. ಹೀಗೆ ಹಣೆಪಟ್ಟಿ ಹಚ್ಚಿಸಿಕೊಂಡ ಹೆಂಗಸರು ಬೇರೆ ಎಲ್ಲಾದರೂ ಇದ್ದರೇ, ಅವರು ಏನು ಮಾಡಿದರು ಎಂದು ಹುಡುಕತೊಡಗಿದೆ. ಸಿಕ್ಕಿದ್ದನ್ನು ನಮ್ಮ ಸಂಘದ ಐದು ಜನ ಸೇರಿ ಡ್ರಾಯಿಂಗ್ ಶೀಟಿನ ಮೇಲೆ ಬರೆದೆವು. ಚಿತ್ರ ಚೆನ್ನಾಗಿಲ್ಲದಿದ್ದರೆ ಕ್ಷಮಿಸಿ, ಬರೆದವರು ಬೀಡಿ ಕಟ್ಟುವವರು, ರಂಗೋಲಿ ಹಾಕುವವರು.

ಮೊದಲನೆಯ ಪಟ ನೋಡಿ. ಈಕೆಯ ಹೆಸರು ಎಲಿಜಬೆತ್ ಪ್ಯಾಕರ್ಡ್. ಹುಟ್ಟಿದ್ದು 1816ರಲ್ಲಿ, ಅಮೆರಿಕದಲ್ಲಿ. ಗಂಡ ಚರ್ಚಿನ ಪಾದ್ರಿ, ಈಕೆಗಿಂತ ಹದಿನಾಲ್ಕು ವರ್ಷ ದೊಡ್ಡವನು. ಆರು ಮಕ್ಕಳು. ಇಲಿನಾಯ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ಸಂಸಾರ. ಈಕೆಯ ತಪ್ಪೇನು ಗೊತ್ತೇ? ಬೈಬಲ್ ಪಾಠದಲ್ಲಿ ಕೂತು, ಗಂಡ ಬೋಧಿಸುವ ಮಾತಿಗೆ 'ನನಗೆ ಹಾಗನ್ನಿಸುವುದಿಲ್ಲ' ಎಂದಳು. ಹತ್ತು ಜನರ ಮುಂದೆ ಎಂದಳು. ಗಂಡ ವೈದ್ಯರನ್ನು ಕರೆಸಿದ. ಅವರು ಬಂದು ನಾಡಿ ಹಿಡಿದು ನೋಡಿ ಹುಚ್ಚಿ ಎಂದರು.

ಆ ರಾಜ್ಯದಲ್ಲಿ 1851ರ ಒಂದು ಕಾನೂನು ಇತ್ತು. ಬೇರೆ ಯಾರನ್ನಾದರೂ ಹುಚ್ಚಾಸ್ಪತ್ರೆಗೆ ಸೇರಿಸಬೇಕಾದರೆ ಸಾಕ್ಷ್ಯ ಬೇಕು, ವಿಚಾರಣೆ ಬೇಕು. ಮದುವೆಯಾದ ಹೆಂಗಸಿಗೆ ಮಾತ್ರ ಅದು ಬೇಡ. ಗಂಡ ಕೇಳಿಕೊಂಡರೆ, ಆಸ್ಪತ್ರೆಯ ಮುಖ್ಯಸ್ಥ ಒಪ್ಪಿದರೆ ಸಾಕು. 1860ರ ಜೂನ್ ತಿಂಗಳಲ್ಲಿ ಎಲಿಜಬೆತ್‌ಳನ್ನು ಜಾಕ್ಸನ್‌ವಿಲ್ ಎಂಬ ಊರಿನ ಸರ್ಕಾರಿ ಹುಚ್ಚಾಸ್ಪತ್ರೆಗೆ ಒಯ್ದರು. 'ನನ್ನ ಕಾಲಲ್ಲಿ ನಾನೇ ನಡೆದು ಬಂದರೆ ಒಪ್ಪಿಕೊಂಡಂತೆ ಆಗುತ್ತದೆ' ಎಂದು ಆಕೆ ಹೆಜ್ಜೆ ಇಡಲಿಲ್ಲ. ಗಂಡಸರು ಹೊತ್ತುಕೊಂಡು ರೈಲು ಹತ್ತಿಸಿದರು. ಕೊನೆಯ ಕೂಸಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಮೂರು ವರ್ಷ ಒಳಗಿದ್ದಳು. ಅಲ್ಲಿ ತನ್ನಂತೆ ಗಂಡಂದಿರು ತಂದು ಬಿಟ್ಟ ಹೆಂಗಸರನ್ನು ಕಂಡಳು. ಮುಖ್ಯಸ್ಥನ ತಪ್ಪು ಎತ್ತಿ ಹೇಳಿ ಅವನಿಗೇ ಕಾಗದ ಬರೆದದ್ದಕ್ಕೆ ಆಕೆಯನ್ನು ಅತಿ ಕೆಟ್ಟ ವಾರ್ಡಿಗೆ ಹಾಕಿದರು. ಆಕೆ ಅಲ್ಲಿ ಮಾಡಿದ್ದೇನು? ಮೈ ತೊಳೆಯುವವರಿಲ್ಲದೆ ಬಿದ್ದಿದ್ದ ರೋಗಿಗಳಿಗೆ ತಾನೇ ಸ್ನಾನ ಮಾಡಿಸಿದಳು, ಕೋಣೆ ತೊಳೆದಳು. ನೋಡಿದ್ದನ್ನೆಲ್ಲ ಗುಟ್ಟಾಗಿ ಬರೆದಳು, ಬರೆದದ್ದನ್ನು ಬಚ್ಚಿಟ್ಟಳು.

1863ರಲ್ಲಿ ಬಿಡುಗಡೆಯಾಯಿತು. ಮನೆಗೆ ಬಂದರೆ ಗಂಡ ಒಂದು ಕೋಣೆಯಲ್ಲಿ ಕೂಡಿ ಹಾಕಿ ಕಿಟಕಿಗಳಿಗೆ ಮೊಳೆ ಹೊಡೆಸಿದ. ಹುಚ್ಚಾಸ್ಪತ್ರೆಗೆ ಸೇರಿಸಲು ಕಾನೂನು ಇತ್ತು, ಮನೆಯಲ್ಲಿ ಕೂಡಿ ಹಾಕಲು ಕಾನೂನು ಇರಲಿಲ್ಲ. ಆಕೆ ಹೇಗೋ ಒಂದು ಚೀಟಿಯನ್ನು ಗೆಳತಿಗೆ ಮುಟ್ಟಿಸಿದಳು. ನೆರೆಯವರು ನ್ಯಾಯಾಧೀಶರ ಬಳಿ ಹೋದರು. 1864ರ ಜನವರಿಯಲ್ಲಿ ವಿಚಾರಣೆ ನಡೆಯಿತು. ಒಬ್ಬ ವೈದ್ಯ ಹೊಲಿಗೆ ಯಂತ್ರ ಮಾರುವವನ ವೇಷದಲ್ಲಿ ಬಂದು ಆಕೆಯನ್ನು ಮಾತಾಡಿಸಿ ಹೋಗಿದ್ದ. ಆಕೆಗೆ ಹುಚ್ಚು ಎನ್ನಲು ಅವನು ಕೋರ್ಟಿನಲ್ಲಿ ಒಂದು ಪಟ್ಟಿಯನ್ನೇ ಓದಿದ. ಅದರಲ್ಲಿ ಒಂದು ಕಾರಣ, 'ತನ್ನನ್ನು ಹುಚ್ಚಿ ಎಂದರೆ ಈಕೆಗೆ ಹಿಡಿಸುವುದಿಲ್ಲ'! ನಗಬೇಡಿ ಅಕ್ಕಾ. ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ. 'ನಾನು ಹುಚ್ಚಿಯಲ್ಲ' ಎಂದು ಕೂಗಿದರೆ 'ನೋಡಿ ಹೇಗೆ ಕೂಗುತ್ತಾಳೆ' ಎನ್ನುತ್ತಾರೆ.

ತೀರ್ಪು ಕೊಡಲು ಕೂತಿದ್ದ ಜ್ಯೂರಿಯವರೆಲ್ಲ ಗಂಡಸರೇ. ಅವರಿಗೆ ಬೇಕಾಗಿದ್ದು ಏಳು ನಿಮಿಷ. ಈಕೆಗೆ ಹುಚ್ಚಿಲ್ಲ ಎಂದರು. ಗೆದ್ದು ಮನೆಗೆ ಹೋದರೆ ಮನೆ ಬೇರೆಯವರ ಕೈಯಲ್ಲಿತ್ತು. ಗಂಡ ಮಕ್ಕಳನ್ನು ಕರೆದುಕೊಂಡು ದೂರದ ರಾಜ್ಯಕ್ಕೆ ಹೋಗಿಬಿಟ್ಟಿದ್ದ, ಆಕೆಯ ಬಟ್ಟೆಬರೆಯನ್ನೂ ಒಯ್ದಿದ್ದ. ಮಕ್ಕಳ ಮೇಲೆ, ಆಸ್ತಿಯ ಮೇಲೆ ಹೆಂಡತಿಗೆ ಆಗ ಹಕ್ಕೇ ಇರಲಿಲ್ಲ. ಬುದ್ಧಿ ಸರಿಯಿದೆ ಎಂದು ಕೋರ್ಟು ಹೇಳಿದರೂ ಕೈ ಬರಿದು. ಈ ಪಟ ಬರೆಯುವಾಗ ನನಗೆ ಅಕ್ಕನ ದೊಡ್ಡ ಮಗಳ ನೆನಪಾಗಿ ಕೈ ನಿಂತಿತು.

ಆಕೆ ಕೈಕಟ್ಟಿ ಕೂರಲಿಲ್ಲ. ಗುಟ್ಟಾಗಿ ಬರೆದದ್ದನ್ನು ಪುಸ್ತಕ ಮಾಡಿ, ತಾನೇ ಊರೂರು ತಿರುಗಿ ಮಾರಿದಳು. ಆ ದುಡ್ಡಿನಲ್ಲೇ ಶಾಸಕರ ಮನೆ ಬಾಗಿಲು ತಟ್ಟಿದಳು. 1867ರಲ್ಲಿ ಇಲಿನಾಯ್ ರಾಜ್ಯ ಕಾನೂನು ಬದಲಾಯಿಸಿತು. ಜ್ಯೂರಿಯ ವಿಚಾರಣೆ ಇಲ್ಲದೆ ಯಾರನ್ನೂ ಹುಚ್ಚಾಸ್ಪತ್ರೆಗೆ ಹಾಕುವಂತಿಲ್ಲ ಎಂದಿತು. 1869ರಲ್ಲಿ ಆಕೆಯ ಮಕ್ಕಳು ಆಕೆಗೆ ಸಿಕ್ಕರು. ಇನ್ನೊಂದು ಸಂಗತಿ ಕೇಳಿ. ಆಕೆಯನ್ನು ಒಳಗಿಟ್ಟ ಆ ಮುಖ್ಯಸ್ಥನ ಹೆಸರನ್ನು ಅದೇ ರಾಜ್ಯದ ಒಂದು ಮಾನಸಿಕ ಆಸ್ಪತ್ರೆಗೆ ಇಟ್ಟಿದ್ದರು. 2023ರಲ್ಲಿ ಆ ಹೆಸರು ತೆಗೆದು ಎಲಿಜಬೆತ್ ಪ್ಯಾಕರ್ಡ್ ಹೆಸರು ಇಟ್ಟರು. ನೂರೈವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಎರಡನೆಯ ಪಟ ನೆಲ್ಲಿ ಬ್ಲೈ ಎಂಬ ಪತ್ರಕರ್ತೆಯದು. 1887ರಲ್ಲಿ, ಇಪ್ಪತ್ತಮೂರು ವರ್ಷದ ಹುಡುಗಿ, ಹುಚ್ಚಿಯಂತೆ ನಟಿಸಿ ನ್ಯೂಯಾರ್ಕಿನ ಹೆಂಗಸರ ಹುಚ್ಚಾಸ್ಪತ್ರೆಯೊಳಗೆ ಹತ್ತು ದಿನ ಇದ್ದು ಬಂದಳು. ಒಳಗೆ ಹೋದ ಮೇಲೆ ನಟನೆ ಬಿಟ್ಟು ಎಂದಿನಂತೆ ಮಾತಾಡಿದಳು. ಆದರೂ ಯಾರೂ ನಂಬಲಿಲ್ಲ. ಕೊಳೆತ ಊಟ, ಮಂಜಿನಂಥ ನೀರಿನ ಸ್ನಾನ, ಹೊಡೆತ, ಎಲ್ಲವನ್ನೂ ಪತ್ರಿಕೆಯಲ್ಲಿ ಬರೆದಳು. ಅಲ್ಲಿ ಒಬ್ಬ ಹೆಂಗಸು ಇದ್ದಳು. ಆಕೆಗೆ ಜರ್ಮನ್ ಬಿಟ್ಟು ಬೇರೆ ಭಾಷೆ ಬಾರದು. ಏನು ಹೇಳುತ್ತಿದ್ದಾಳೆಂದು ಕೇಳಿ ತಿಳಿಸುವವರಿಲ್ಲದೆ ಹುಚ್ಚಿಯರ ಜೊತೆ ಸೇರಿಸಿಬಿಟ್ಟಿದ್ದರು.

ಮೊದಮೊದಲು ನಮ್ಮ ಪ್ರದರ್ಶನ ಇಲ್ಲಿಗೇ ಮುಗಿಯುತ್ತಿತ್ತು. ಎಲ್ಲಾ ಪಟಗಳೂ ಸುಳ್ಳು ಹಣೆಪಟ್ಟಿ ಹಚ್ಚಿಸಿಕೊಂಡ ಹೆಂಗಸರವೇ. ಒಂದು ಹಳ್ಳಿಯಲ್ಲಿ ತೋರಿಸಿ ಮುಗಿಸಿದಾಗ ವಯಸ್ಸಾದ ತಾಯಿಯೊಬ್ಬರು ಎದ್ದು ನಿಂತರು. 'ಅಲ್ಲ ಕಣವ್ವಾ, ಆಯಮ್ಮಂಗೆ ಹುಚ್ಚಿರಲಿಲ್ಲ, ಗೆದ್ದಳು. ನನ್ನ ಮಗಳಿಗೆ ನಿಜವಾಗ್ಲೂ ಕಾಯಿಲೆ ಐತೆ. ಅವಳ ಗತಿ ಏನು? ಅವಳಿಗೆ ನ್ಯಾಯ ಇಲ್ವಾ?' ಎಂದರು. ನನ್ನ ಬಳಿ ಉತ್ತರ ಇರಲಿಲ್ಲ. ಬಸ್ಸಿನಲ್ಲಿ ಬರುವಾಗ ಅಕ್ಕನ ಮುಖವೇ ಕಣ್ಣ ಮುಂದೆ. ಅಕ್ಕನಿಗೂ ಕಾಯಿಲೆ ಇತ್ತಲ್ಲ! ಇವತ್ತಿಗೂ ಅವಳು ಮಾತ್ರೆ ತೆಗೆದುಕೊಳ್ಳುತ್ತಾಳೆ. ಅವಳಿಗೆ ಅನ್ಯಾಯವಾಯಿತು ಎನ್ನಲು 'ಅವಳಿಗೆ ಏನೂ ಆಗಿರಲಿಲ್ಲ' ಎಂದು ನಾನು ಸಾಧಿಸಬೇಕೇ? ಕಾಯಿಲೆಯೂ ನಿಜ, ಅನ್ಯಾಯವೂ ನಿಜ. ಜ್ವರ ಬಂದವಳ ಬಂಗಾರ ಕಿತ್ತುಕೊಂಡು ಮನೆಯಿಂದ ಹೊರಗೆ ಹಾಕಿದರೆ 'ಜ್ವರ ಇತ್ತಲ್ಲ' ಎಂದು ಸುಮ್ಮನಿರುತ್ತೇವೆಯೇ?

ಆಮೇಲೆ ಸೇರಿಸಿದ್ದು ಮೂರನೆಯ ಮತ್ತು ನಾಲ್ಕನೆಯ ಪಟ. ಮೂರನೆಯದರಲ್ಲಿ ಇರುವವಳು ಜೂಡಿ ಚೇಂಬರ್ಲಿನ್, ಅಮೆರಿಕದವಳೇ. ಗರ್ಭ ಇಳಿದುಹೋದ ಮೇಲೆ ಮನಸ್ಸು ಕುಸಿಯಿತು. ತಾನಾಗಿಯೇ ಆಸ್ಪತ್ರೆಗೆ ಹೋದವಳನ್ನು 1966ರಲ್ಲಿ ಬಲವಂತವಾಗಿ ಒಳಗಿಟ್ಟರು. ಹೊರಗೆ ಬಂದು, 1971ರ ಹೊತ್ತಿಗೆ ಬಾಸ್ಟನ್ ನಗರದಲ್ಲಿ ತನ್ನಂಥ ರೋಗಿಗಳೇ ಕಟ್ಟಿದ ಸಂಘಟನೆಗೆ ಸೇರಿದಳು. 1978ರಲ್ಲಿ ಪುಸ್ತಕ ಬರೆದಳು. ಆಕೆ ನನಗೆ ಕಾಯಿಲೆಯೇ ಇರಲಿಲ್ಲ ಎಂದು ವಾದಿಸಲಿಲ್ಲ. ಕಷ್ಟ ಬಂದದ್ದು ನನಗೆ, ಯಾವ ಸಹಾಯ ಬೇಕೆಂದು ಹೇಳಬೇಕಾದವಳೂ ನಾನು, ನನ್ನ ಬಾಯಿ ಮುಚ್ಚಿಸಿ ನನ್ನನ್ನು ಗುಣಪಡಿಸಲಾಗದು ಎಂದಳು. ನೊಂದವರು ನೊಂದವರ ಜೊತೆ ಕೂತು ಮಾತಾಡುವುದೇ ಒಂದು ಔಷಧ ಎಂದು ತೋರಿಸಿದಳು. ವಾರಕ್ಕೊಮ್ಮೆ ಚಾಪೆ ಹಾಸಿ ಕೂರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯ ಪಟದಲ್ಲಿ ನೀಲಿ ಕುದುರೆ. ಮಕ್ಕಳು ಬಂದರೆ ಇದನ್ನೇ ನೋಡುತ್ತಾ ನಿಲ್ಲುತ್ತಾರೆ. ಇಟಲಿ ದೇಶದ ಟ್ರಿಯೆಸ್ಟೆ ಎಂಬ ಊರಿನ ಹುಚ್ಚಾಸ್ಪತ್ರೆಯಲ್ಲಿ ಬಟ್ಟೆಯ ಗಾಡಿ ಎಳೆಯುವ ಒಂದು ಕುದುರೆ ಇತ್ತು. ಅದಕ್ಕೆ ವಯಸ್ಸಾದಾಗ ಕಸಾಯಿಖಾನೆಗೆ ಕಳಿಸಲು ಹೊರಟರು. ರೋಗಿಗಳು ಅರ್ಜಿ ಬರೆದು ಅದನ್ನು ಉಳಿಸಿಕೊಂಡರು. ಅಲ್ಲಿನ ಮುಖ್ಯ ವೈದ್ಯ ಫ್ರಾಂಕೊ ಬಸಾಲಿಯಾ. ಬೀಗ ಹಾಕಿ ಯಾರಿಗೂ ಗುಣವಾಗುವುದಿಲ್ಲ ಎಂದು ನಂಬಿದ್ದವನು. 1973ರಲ್ಲಿ ರೋಗಿಗಳು, ಕಲಾವಿದರು, ನರ್ಸುಗಳು ಸೇರಿ ಮರ ಮತ್ತು ಕಾಗದದಿಂದ ಒಂದು ದೊಡ್ಡ ನೀಲಿ ಕುದುರೆ ಮಾಡಿದರು. ಊರೊಳಗೆ ಮೆರವಣಿಗೆ ಹೊರಡಬೇಕು, ಆದರೆ ಕುದುರೆ ಬಾಗಿಲಿಗಿಂತ ಎತ್ತರ. ಕುದುರೆಯ ತಲೆ ಕತ್ತರಿಸಲಿಲ್ಲ, ಬಾಗಿಲನ್ನೇ ಒಡೆದರು. 1978ರಲ್ಲಿ ಇಟಲಿ ಹಳೆಯ ಹುಚ್ಚಾಸ್ಪತ್ರೆಗಳನ್ನು ಹಂತ ಹಂತವಾಗಿ ಮುಚ್ಚಿ, ಜನರ ನಡುವೆಯೇ ಚಿಕಿತ್ಸೆ ಕೊಡಬೇಕೆಂದು ಕಾನೂನು ಮಾಡಿತು.

ಇನ್ನು ನಮ್ಮ ದೇಶ. ಬ್ರಿಟಿಷರು 1912ರಲ್ಲಿ ಹುಚ್ಚರ ಕಾನೂನು ಎಂದೇ ಹೆಸರಿಟ್ಟು ಒಂದು ಕಾನೂನು ಮಾಡಿದ್ದರು. ಸ್ವಾತಂತ್ರ್ಯ ಬಂದ ಮೇಲೂ ಬಹಳ ಕಾಲ ಅದೇ ನಡೆಯಿತು. 1987ರಲ್ಲಿ ಹೊಸ ಕಾಯ್ದೆ ಬಂತು. ಅದರಲ್ಲೂ ಬಂಧುವೊಬ್ಬ ಕೇಳಿಕೊಂಡು ಇಬ್ಬರು ವೈದ್ಯರ ಸರ್ಟಿಫಿಕೇಟು ಇದ್ದರೆ, ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದವಳನ್ನು ತೊಂಬತ್ತು ದಿನ ಒಳಗಿಡಬಹುದಿತ್ತು. ಆ ಬಂಧು ಗಂಡನೇ ಆಗಿದ್ದರೆ, ಅವನಿಗೆ ಎರಡನೇ ಮದುವೆಯ ಆಸೆ ಇದ್ದರೆ? ಅದನ್ನು ಕೇಳುವವರು ಇರಲಿಲ್ಲ.

ಐದನೆಯ ಪಟ ಶೀಲಾ ಬರ್ಸೆ ಎಂಬ ಪತ್ರಕರ್ತೆಯದು. ಯಾವ ಅಪರಾಧವೂ ಮಾಡದ ಮಾನಸಿಕ ರೋಗಿಗಳನ್ನು ಜೈಲಿನಲ್ಲಿ ಇಟ್ಟಿದ್ದರ ವಿರುದ್ಧ ಆಕೆ ಸುಪ್ರೀಂ ಕೋರ್ಟಿಗೆ ಹೋದರು. ಇದು ಕಾನೂನುಬಾಹಿರ, ಸಂವಿಧಾನಕ್ಕೆ ವಿರುದ್ಧ ಎಂದು 1993ರಲ್ಲಿ ಕೋರ್ಟು ಹೇಳಿತು.

ಆರನೆಯ ಪಟದಲ್ಲಿ ಏನೂ ಇಲ್ಲ, ಬರೀ ಇಪ್ಪತ್ತೆಂಟು ದೀಪ. ಏನು ಬರೆಯಬೇಕೆಂದು ನಮ್ಮಲ್ಲಿ ದೊಡ್ಡ ಚರ್ಚೆಯಾಯಿತು. ಬೆಂಕಿ ಬರೆಯೋಣ ಎಂದರು ಕೆಲವರು, ಸರಪಳಿ ಎಂದರು ಕೆಲವರು. ಕೊನೆಗೆ ದೀಪ ಬರೆದೆವು. 2001ರ ಆಗಸ್ಟ್ 6ರ ಬೆಳಗಿನ ಜಾವ, ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಎರವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಅವರ ಕಾಲಿಗೆ ಸರಪಳಿ ಇತ್ತು. ಓಡಲಾಗಲಿಲ್ಲ. ಇಪ್ಪತ್ತೆಂಟು ಜನ ಸತ್ತರು. ಅವರನ್ನು ಅಲ್ಲಿಗೆ ತಂದು ಬಿಟ್ಟವರು ಮನೆಯವರೇ. ಕೆಲವರು ಬೇರೆ ದಾರಿ ಕಾಣದೆ ಬಿಟ್ಟಿರಬಹುದು. ಬಡವರಿಗೆ ಹತ್ತಿರದಲ್ಲಿ ಚಿಕಿತ್ಸೆ ಸಿಗದಿದ್ದರೆ ಹೀಗೇ ಆಗುತ್ತದೆ.

ಏಳನೆಯ ಪಟ ನನಗೆ ಬಹಳ ಹತ್ತಿರದ್ದು. ಭಾರ್ಗವಿ ದಾವರ್. ಚಿಕ್ಕವಳಿದ್ದಾಗ ತನ್ನ ತಾಯಿಯನ್ನು ಹುಚ್ಚಾಸ್ಪತ್ರೆಗಳಲ್ಲಿ ಕಂಡವರು. ತಾಯಿಯ ಹೆಸರು ಬಾಪು. ಆ ಹೆಸರಿನಲ್ಲೇ 1999ರಲ್ಲಿ ಪುಣೆಯಲ್ಲಿ ಬಾಪು ಟ್ರಸ್ಟ್ ಕಟ್ಟಿದರು. ಹೆಂಗಸರ ಮನಸ್ಸಿನ ಆರೋಗ್ಯವನ್ನು ಅವರ ಬದುಕಿನಿಂದ, ಮನೆಯ ಹಿಂಸೆಯಿಂದ, ಬಡತನದಿಂದ ಬೇರ್ಪಡಿಸಿ ನೋಡಬಾರದು ಎಂದು ಬರೆದರು, ವಾದಿಸಿದರು, ಪುಣೆಯ ಬಡಜನರ ಬಡಾವಣೆಗಳಲ್ಲಿ ಕೆಲಸ ಮಾಡಿ ತೋರಿಸಿದರು. 2024ರಲ್ಲಿ ತೀರಿಕೊಂಡರು. ತಾಯಿಗೆ ಆದದ್ದನ್ನು ಮಗಳು ಮುಚ್ಚಿಡಲಿಲ್ಲ, ಬಾಗಿಲಿನ ಮೇಲೆ ಹೆಸರಾಗಿ ಬರೆದಳು. ನಾನು ಅಕ್ಕನ ವಿಷಯವನ್ನು ಹದಿನೈದು ವರ್ಷ ನನ್ನ ಗಂಡನ ಮನೆಯವರಿಗೆ ಹೇಳಿರಲಿಲ್ಲ.

ಇವರೆಲ್ಲರ ಮತ್ತು ಇನ್ನೂ ಎಷ್ಟೋ ಜನರ ಹೋರಾಟದಿಂದ 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂತು, 2018ರಿಂದ ಜಾರಿಯಲ್ಲಿದೆ. ಅದು ಪೂರ್ತಿ ಸರಿಯಾಗಿದೆ ಎನ್ನುವುದಿಲ್ಲ. ಆದರೆ ನಮಗೆ ಬೇಕಾದ ಕೆಲವು ಮಾತು ಅದರಲ್ಲಿವೆ. ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ.

ಒಂದು, ಮನೆಯ ಅಥವಾ ಸಮಾಜದ ರೀತಿನೀತಿಗೆ ಒಬ್ಬಳು ಒಗ್ಗಲಿಲ್ಲ ಎಂಬ ಕಾರಣಕ್ಕೆ ಅವಳನ್ನು ಮಾನಸಿಕ ರೋಗಿ ಎನ್ನುವಂತಿಲ್ಲ. ಎಲಿಜಬೆತ್‌ಳ ಮಾತು ನಮ್ಮ ಕಾನೂನಿಗೂ ಬಂದಿದೆ.

ಎರಡು, ಸರಪಳಿ ಹಾಕುವುದು ಯಾವ ರೀತಿಯಲ್ಲೂ ನಿಷೇಧ.

ಮೂರು, ಒಪ್ಪಿಗೆ ಕೊಡಲಾಗದ ಸ್ಥಿತಿಯಲ್ಲಿ ಹೆಂಗಸನ್ನು ಆಸ್ಪತ್ರೆಗೆ ಸೇರಿಸಿದರೆ ಮೂರು ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಅವಳು ಅಲ್ಲಿಗೆ ದೂರು ಕೊಡಬಹುದು. ಉಚಿತ ಕಾನೂನು ನೆರವು ಅವಳ ಹಕ್ಕು. ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಅಗಲಿಸುವಂತಿಲ್ಲ.

ನಾಲ್ಕು, ಇದು ಮುಖ್ಯ. ನನಗೆ ಕಾಯಿಲೆಯಾದರೆ ನನ್ನ ಪರವಾಗಿ ಇಂಥವರು ನಿಲ್ಲಬೇಕು ಎಂದು ನಾವೇ ಮೊದಲೇ ಬರೆದಿಡಬಹುದು. ಸ್ಟಾಂಪು ಕಾಗದ ಬೇಕಿಲ್ಲ. ಬಿಳಿ ಹಾಳೆ, ಸಹಿ ಅಥವಾ ಹೆಬ್ಬೆಟ್ಟು. ಆ ವ್ಯಕ್ತಿ ಗಂಡನೇ ಆಗಬೇಕಿಲ್ಲ, ನೆಂಟರೇ ಆಗಬೇಕಿಲ್ಲ. ವಯಸ್ಕರಾಗಿದ್ದು, ಒಪ್ಪಿದ್ದರೆ ಸಾಕು. ಯಾವಾಗ ಬೇಕಾದರೂ ಬದಲಾಯಿಸಬಹುದು.

ಐದು, ವಿಚ್ಛೇದನದ ಮಾತು. ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ ಮಾನಸಿಕ ಕಾಯಿಲೆ ಒಂದು ಕಾರಣವಾಗಿ ಇನ್ನೂ ಇದೆ. ಆದರೆ ಕಾಯಿಲೆ ಇದೆ ಎಂದ ಮಾತ್ರಕ್ಕೆ ವಿಚ್ಛೇದನ ಸಿಗದು, ಜೊತೆಗೆ ಬಾಳಲಾಗದಷ್ಟು ತೀವ್ರವಾಗಿದೆ ಎಂದು ಕೇಳುವವನೇ ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ. 2013ರಲ್ಲೂ ಒಬ್ಬ ಗಂಡನಿಗೆ ಈ ಕಾರಣಕ್ಕೆ ವಿಚ್ಛೇದನ ನಿರಾಕರಿಸಿದೆ. ಕೋರ್ಟಿನಲ್ಲಿ ಅವನು ತಂದ ಚೀಟಿಯನ್ನು ನಾವು ಪ್ರಶ್ನಿಸಿದರೆ ಅದನ್ನು ಪರಿಶೀಲನೆಗೆ ಮಂಡಳಿಗೆ ಕಳಿಸಬೇಕೆಂದು 2017ರ ಕಾಯ್ದೆ ಹೇಳುತ್ತದೆ. 1988ರ ಆ ತೀರ್ಪು ನಮ್ಮ ಪಂಚಾಯ್ತಿ ಕೂತ ದಿನವೂ ಇತ್ತು. ನಮಗೆ ಗೊತ್ತಿರಲಿಲ್ಲ, ಅಷ್ಟೇ. ಇನ್ನು ದಿನನಿತ್ಯ ಹೀಯಾಳಿಸುವುದು, ಗಂಡು ಹೆರಲಿಲ್ಲವೆಂದು ಚುಚ್ಚುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ಹಿಂಸೆಯೇ. ಮೈಮೇಲೆ ಬಾಸುಂಡೆ ತೋರಿಸಬೇಕಾಗಿಲ್ಲ.

ಕಾನೂನಿನ ಜೊತೆಗೆ ನಾವು ಮಾಡಬೇಕಾದ್ದೂ ಇದೆ. ಸಂಘದ ಸದಸ್ಯೆ ಎರಡು ವಾರ ಸಭೆಗೆ ಬರದಿದ್ದರೆ ಕಂತಿನ ದಂಡ ಬರೆಯುವ ಮೊದಲು ಮನೆಗೆ ಹೋಗಿ ನೋಡಿ. ಬಾಣಂತಿ ನಿದ್ದೆ ಬಿಟ್ಟು ಅಳುತ್ತಿದ್ದರೆ ಗಾಳಿ ಸೋಕಿತು ಎನ್ನದೆ ಆಶಾ ಕಾರ್ಯಕರ್ತೆಗೆ ಹೇಳಿ, ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ, ಒಬ್ಬರು ಜೊತೆಗೇ ಇರಿ. ಚೀಟಿ ಅವಳ ಕೈಯಲ್ಲೇ ಇರಲಿ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಮನಸ್ಸಿನ ಕಷ್ಟಕ್ಕೆ ಸಲಹೆ ಸಿಗುತ್ತದೆ, ಹಣ ಕೊಡಬೇಕಾಗಿಲ್ಲ. ಹಿಂಸೆಯಿದ್ದರೆ 181. ಮತ್ತೆ, 'ತಲೆ ಸರಿ ಇರಲಿಲ್ಲ' ಎಂಬ ಕಾಗದಕ್ಕೆ ಯಾರಾದರೂ ಸಹಿ ಕೇಳಿದರೆ, ಕೈ ಹಿಂದಕ್ಕೆ ಎಳೆದುಕೊಳ್ಳಿ.

ಅಕ್ಕ ಈಗ ಟೈಲರಿಂಗ್ ಮಾಡುತ್ತಾಳೆ. ಚಿಕ್ಕವಳು ಕಾಲೇಜಿಗೆ ಹೋಗುತ್ತಾಳೆ. ದೊಡ್ಡವಳು ಎರಡು ಸಲ ಬಂದು ನೋಡಿಕೊಂಡು ಹೋಗಿದ್ದಾಳೆ. 'ಅಮ್ಮ' ಎನ್ನಲು ಅವಳಿಗೆ ಇನ್ನೂ ಸಂಕೋಚ. ಆ ಬಿಳಿ ಹಾಳೆಯ ವಿಷಯವನ್ನು ಅಕ್ಕನಿಗೆ ಹೇಳಿದ ದಿನ ಅವಳು ಮಿಷನ್ ನಿಲ್ಲಿಸಿ, ಒಂದು ಹಾಳೆ ತೆಗೆದುಕೊಂಡು ಬರೆದಳು. ನನ್ನ ಹೆಸರು ಬರೆಯುತ್ತಾಳೆ ಎಂದುಕೊಂಡಿದ್ದೆ. ಬರೆದದ್ದು ಪಕ್ಕದ ಬೀದಿಯ ತನ್ನ ಗೆಳತಿಯ ಹೆಸರು. ನಾನು ಮುಖ ನೋಡಿದೆ. 'ಬೇಜಾರು ಮಾಡ್ಕೋಬೇಡ ಕಣೇ. ನೀನು ಒಂದ್ಸಲ ಸೈನು ಹಾಕಿದ್ದೀಯ' ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ದಾರ ಪೋಣಿಸುತ್ತಾ ಹೇಳಿದಳು.

ನನಗೆ ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವಳು ಸರಿ. ತನ್ನ ಪರ ಯಾರು ನಿಲ್ಲಬೇಕೆಂದು ಅವಳೇ ತೀರ್ಮಾನ ಮಾಡಿದ್ದಳು. ಹದಿನೇಳು ವರ್ಷದ ಹಿಂದೆ ಮೂಲೆಯಲ್ಲಿ ಕೂತವಳನ್ನು ಯಾರೂ ಕೇಳದೆ ಹೋದ ಮಾತು ಅದೇ ತಾನೇ?

ಮುಂದಿನ ವಾರದ ಸಭೆಗೆ ಎಲ್ಲರೂ ಒಂದೊಂದು ಬಿಳಿ ಹಾಳೆ ತನ್ನಿ. ಯಾರ ಹೆಸರು ಬರೆಯಬೇಕೆಂದು ಮನೆಯಲ್ಲಿ ಕೂತು ಯೋಚನೆ ಮಾಡಿ ಬನ್ನಿ. ನಿಮ್ಮ ಹೆಸರನ್ನು ಇನ್ನೊಬ್ಬಳು ಬರೆಯುವ ಹಾಗೆ ಬದುಕಿ.